ಮರೆಗುಳಿ ಕಂಪ್ಯೂಟರ್ ಮತ್ತು ಮೇಗರವಳ್ಳಿಯ ಪೂರ್ಣೇಶ್

ಬೆಳಗ್ಗೆ ಆರೂಕಾಲು ಗಂಟೆ. ಹೊಳೆಬೈಲಿನ ಪಂಚಾಯ್ತಿ ಗ್ರಂಥಾಲಯದೊಳಗೆ ನನಗೆ ಮೊದಲು ಕಾಣುವುದು ಎರಡು ಕಾಲು. ಉಳಿದ ಮನುಷ್ಯ ಮೇಜಿನ ಅಡಿಯಲ್ಲಿದ್ದಾರೆ. ಬಾಯಲ್ಲಿ ಸಣ್ಣ ಟಾರ್ಚ್ ಕಚ್ಚಿಕೊಂಡಿರುವುದರಿಂದ ನನ್ನ ನಮಸ್ಕಾರಕ್ಕೆ ‘ಹ್ಞೂಂ’ ಎಂಬ ಉತ್ತರವಷ್ಟೇ ಬರುತ್ತದೆ. ಮೇಜಿನ ಮೇಲೆ ಹತ್ತು ವರ್ಷ ಹಳೆಯ ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ ಪೆನ್ ಡ್ರೈವ್, ಪೆನ್ ಡ್ರೈವಿಗೆ ಕಟ್ಟಿದ ಕೆಂಪು ದಾರ. ಗ್ರಂಥಾಲಯ ನೋಡಿಕೊಳ್ಳುವ ಯಮುನಮ್ಮ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ ಮೇಜಿನ ತುದಿಗಿಡುತ್ತಾರೆ. ಕಾಲುಗಳು ಹೊರಗೆ ಬರುತ್ತವೆ, ಹಿಂದೆಯೇ ಮನುಷ್ಯನೂ.

“ಈಗ ಬ್ಯಾಡ ಯಮುನಕ್ಕ. ಹುಲಿಯಪ್ಪಣ್ಣನ ಕೆಲ್ಸ ಮುಗೀಲಿ” ಎಂದು ಲೋಟವನ್ನು ನನ್ನ ಕಡೆ ತಳ್ಳುತ್ತಾರೆ. ಬಿಟ್ಟಿ ಕಾಫಿಗೆ ಬೇಡ ಅನ್ನುವ ಪೈಕಿ ಪತ್ರಿಕೆಯವನಾದ ನಾನಲ್ಲ. ಕುಡಿಯುತ್ತೇನೆ.

ಇವರು ಪೂರ್ಣೇಶ್. ವಯಸ್ಸು ನಲವತ್ತೇಳು, ಊರು ಮೇಗರವಳ್ಳಿ. ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕಿನಲ್ಲಿ ಒಟ್ಟು ಮೂವತ್ತೊಂದು ಕಂಪ್ಯೂಟರುಗಳಿಗೆ ಇವರೇ ವೈದ್ಯ. ಎಲ್ಲವೂ ಹಳೆಯವು. ಹಳ್ಳಿ ಗ್ರಂಥಾಲಯದವು, ಸರ್ಕಾರಿ ಶಾಲೆಯವು, ಒಂದೆರಡು ಸೊಸೈಟಿಯವು. ಕಂಪನಿಯವರು ‘ಇದು ಮುಗೀತು, ಹೊಸದು ತಗೊಳ್ಳಿ’ ಎಂದು ಕೈತೊಳೆದುಕೊಂಡ ಮೇಲೆ ಇವರಿಗೆ ಫೋನ್ ಹೋಗುತ್ತದೆ. ಕೆಲಸದಲ್ಲಿ ಇವರು ಕಾಯಂ ಅಲ್ಲ, ಗುತ್ತಿಗೆಯೂ ಅಲ್ಲ. ಯಾವ ಕಚೇರಿಯ ಪಟ್ಟಿಯಲ್ಲೂ ಇವರ ಹೆಸರಿಲ್ಲ. ಹಳೆ ಬೈಕಿನಲ್ಲಿ ದಿನಕ್ಕೆ ಎಂಬತ್ತು, ತೊಂಬತ್ತು ಕಿಲೋಮೀಟರ್ ತಿರುಗುತ್ತಾರೆ. ಇವತ್ತು ನಾಲ್ಕೂವರೆಗೇ ಮನೆ ಬಿಟ್ಟು, ನಗರ ಎಂಬ ಊರಿನ ಕೋಟೆ ಬಳಸಿ, ಅಲ್ಲಿಂದ ಹನ್ನೊಂದು ಕಿಲೋಮೀಟರ್ ಒಳಗೆ ಬಂದಿದ್ದಾರೆ.

ಇಷ್ಟು ಬೇಗ ಯಾಕೆ ಎಂದರೆ, ಹನ್ನೊಂದು ಗಂಟೆಗೆ ಹುಲಿಯಪ್ಪನವರ ವಿಚಾರಣೆ ಇದೆ.

ಹುಲಿಯಪ್ಪನವರಿಗೆ ಎಪ್ಪತ್ಮೂರು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನವರು. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಅಪ್ಪ, ಅವ್ವ, ಎರಡು ಎಮ್ಮೆ, ಒಂದು ಒನಕೆಯ ಜೊತೆ ಲಾರಿಯಲ್ಲಿ ತಂದು ಇಲ್ಲಿ ಇಳಿಸಿದರಂತೆ. ಇಳಿಸಿದ ಜಾಗದಲ್ಲೇ ಗುಡ್ಡ ಕಡಿದು ಒಂದೂವರೆ ಎಕರೆ ಗದ್ದೆ ಮಾಡಿಕೊಂಡರು. ಆ ಒಂದೂವರೆ ಎಕರೆಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅಪ್ಪ ಅರ್ಜಿ ಕೊಟ್ಟು ಕೊಟ್ಟು ತೀರಿಕೊಂಡರು. ಮಗ ಅದೇ ಅರ್ಜಿ ಹಿಡಿದು ಮುದುಕರಾದರು. ಈಗ ವಿಚಾರಣೆಯನ್ನು ವಿಡಿಯೋದಲ್ಲಿ ಮಾಡುತ್ತಾರೆ. ಹಾಜರಾಗಬೇಕಾದ ಕೇಂದ್ರ ಎಂದು ನೋಟಿಸಿನಲ್ಲಿ ಬರೆದಿರುವುದು ಇದೇ ಗ್ರಂಥಾಲಯವನ್ನು. ಊರಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಪಂಚಾಯ್ತಿಗೆ ಬಂದಿರುವ ಒಂದು ಕೇಬಲ್ಲೇ ಗತಿ. ನೋಟಿಸಿನ ಕೊನೆಯ ಸಾಲು ಹೀಗಿದೆ: ‘ಎರಡನೇ ಬಾರಿಯೂ ಗೈರುಹಾಜರಾದಲ್ಲಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗುವುದು.’

ಎರಡನೇ ಬಾರಿಯೂ ಎಂದು ಬರೆದಿದ್ದಾರೆ. ಹಾಗಾದರೆ ಮೊದಲ ಬಾರಿ ಏನಾಯಿತು? ಅದನ್ನು ಹೇಳಬೇಕಾದರೆ ಈ ಕಂಪ್ಯೂಟರಿನ ಕಾಯಿಲೆ ಹೇಳಬೇಕು.

ಹೋದ ವರ್ಷ ಮಳೆಗಾಲದಲ್ಲಿ ಇದರ ಹಾರ್ಡ್ ಡಿಸ್ಕ್ ಸತ್ತಿತು. ಹೊಸದಕ್ಕೆ ಬರೆದ ಪತ್ರ ಎಲ್ಲಿ ಹೋಗಿ ಕೂತಿದೆಯೋ ದೇವರೇ ಬಲ್ಲ. ಅಲ್ಲಿವರೆಗೆ ನಡೆಯಲಿ ಎಂದು ಪೂರ್ಣೇಶ್ ಒಂದು ಪೆನ್ ಡ್ರೈವ್ ಕೊಟ್ಟರು. ಕಂಪ್ಯೂಟರ್ ಓಡಲು ಬೇಕಾದದ್ದೆಲ್ಲ ಅದರಲ್ಲೇ ಇದೆ. ಸಿಕ್ಕಿಸಿ ಆನ್ ಮಾಡಿದರೆ ಹಾರ್ಡ್ ಡಿಸ್ಕಿನ ಹಂಗೇ ಇಲ್ಲದೆ ಯಂತ್ರ ಏಳುತ್ತದೆ. ಒಂದೇ ತೊಂದರೆ ಏನೆಂದರೆ ಅದಕ್ಕೆ ನೆನಪು ನಿಲ್ಲುವುದಿಲ್ಲ. ಆಫ್ ಆಗಿ ಆನ್ ಆದರೆ ಇವತ್ತೇ ಹುಟ್ಟಿದ ಮಗು. ಪೆನ್ ಡ್ರೈವಿನ ಮೇಲೇ ಬರೆಯಲು ಬಿಟ್ಟರೆ ನೆನಪು ಉಳಿಯುತ್ತಲ್ಲ ಎಂದು ನಾನು ಬುದ್ಧಿವಂತನಂತೆ ಕೇಳಿದೆ. ಹಾಗೂ ಮಾಡಿ ನೋಡಿದರಂತೆ; ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಎರಡು ಪೆನ್ ಡ್ರೈವ್ ಪರಲೋಕಕ್ಕೆ ಹೋದವಂತೆ. ಈ ಊರಿನಲ್ಲಿ ಕರೆಂಟ್ ದಿನಕ್ಕೆ ಏಳೆಂಟು ಸಲ ಹೋಗಿ ಬರುತ್ತದೆ.

ಬೇರೆ ಊರುಗಳಲ್ಲಿ ಇಷ್ಟಾದರೂ ತೊಂದರೆಯಿಲ್ಲ. ನೆಟ್ ಬರುವ ಪೆಟ್ಟಿಗೆಯೇ ಕಂಪ್ಯೂಟರಿಗೆ ವಿಳಾಸ ಕೊಟ್ಟುಬಿಡುತ್ತದೆ. ಇಲ್ಲಿನ ಪೆಟ್ಟಿಗೆ ಕೊಡುವುದಿಲ್ಲ, ನಾವೇ ಕೈಯಿಂದ ನಾಲ್ಕು ಸಾಲು ತುಂಬಬೇಕು. ಏನದು ನಾಲ್ಕು ಸಾಲು ಎಂದರೆ ಪೂರ್ಣೇಶ್ ಬೆರಳು ಮಡಿಸುತ್ತಾರೆ.

“ಒಂದು, ನಮ್ಮನೆ ನಂಬರ್. ಎರಡು, ನಮ್ಮ ಕೇರಿ ಎಲ್ಲಿ ತನಕ ಅಂತ. ಮೂರು, ಊರ ಹೊರಗೆ ಹೋಗ ಬಾಗ್ಲು ಯಾವ್ದು ಅಂತ. ನಾಲ್ಕು, ಹೆಸ್ರು ಹೇಳಿದ್ರೆ ದಾರಿ ತೋರ್ಸೋರು ಯಾರು ಅಂತ. ಇಷ್ಟ್ರಲ್ಲಿ ಒಂದು ತಪ್ಪಿದ್ರೂ ಕಂಪ್ಯೂಟರ್ ಮನೆಯೊಳಗೇ ಕೂತಿರುತ್ತೆ ಮಾರಾಯ್ರೆ.”

ಜನವರಿಯಲ್ಲಿ ಮೊದಲ ವಿಚಾರಣೆಯ ದಿನ ಪೂರ್ಣೇಶ್ ಬೆಳಗ್ಗೆಯೇ ಬಂದು ಆ ನಾಲ್ಕು ಸಾಲು ತುಂಬಿ, ವಿಡಿಯೋ ಬರುವುದನ್ನು ಎರಡು ಸಲ ನೋಡಿ, ಹುಂಚದ ಶಾಲೆಯಲ್ಲಿ ಬೇರೆ ಕೆಲಸ ಇದೆ ಎಂದು ಹೊರಟರು. ಅವರು ಹೋದ ಅರ್ಧ ಗಂಟೆಗೆ ಕರೆಂಟ್ ಹೋಗಿ ಬಂತು. ಯಂತ್ರ ಎಲ್ಲವನ್ನೂ ಮರೆಯಿತು. ನಂಬರುಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದರು. ಆದರೆ ಹೊಸ ವರ್ಷಕ್ಕೆ ಹೊಸ ಕ್ಯಾಲೆಂಡರ್ ಬಂದಿತ್ತು. ಹಳೆಯದರ ದಪ್ಪ ಹಾಳೆಗಳನ್ನು ಯಮುನಮ್ಮ ಪ್ರತಿವರ್ಷದಂತೆ ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕಿದ್ದರು. ಅವತ್ತು ಅವರು ಕಪಾಟಿನ ಮುಂದೆ ಕೂತು ನೂರಾರು ಪುಸ್ತಕಗಳ ಬೈಂಡು ಬಿಚ್ಚಿದರು. ನಂಬರ್ ಸಿಕ್ಕಿತು, ಆದರೆ ವಿಚಾರಣೆ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಹುಲಿಯಪ್ಪ ಬಿಳಿ ಅಂಗಿ ಹಾಕಿಕೊಂಡು ಕಪ್ಪು ಪರದೆಯ ಮುಂದೆ ಕೂತೇ ಇದ್ದರು. ದಾಖಲೆಯಲ್ಲಿ ‘ಗೈರು’ ಎಂದಾಯಿತು.

“ಆ ಹೊತ್ತಿಗೆ ನಾನು ಹುಂಚದ ಬಸ್‌ಸ್ಟ್ಯಾಂಡಲ್ಲಿ ಕೂತು ಕಾಫಿ ಕುಡೀತಿದ್ದೆ. ಆ ಕಾಫಿ ಇನ್ನೂ ಗಂಟಲಲ್ಲೇ ಇದೆ” ಎನ್ನುತ್ತಾರೆ ಪೂರ್ಣೇಶ್. ಎರಡು ದಿನ ಬಿಟ್ಟು ಹುಲಿಯಪ್ಪನವರ ಮನೆಗೆ ಹೋದರಂತೆ. ಅವರು ಬೈದಿದ್ದರೆ ಚೆನ್ನಾಗಿತ್ತಂತೆ, ಬೈಯಲಿಲ್ಲ. ಬೆಲ್ಲ, ನೀರು ಕೊಟ್ಟು ಕಳಿಸಿದರಂತೆ.

ಆಮೇಲೆ ಪೂರ್ಣೇಶ್ ಒಂದು ಕೆಲಸ ಮಾಡಿದರು. ವಾರಕ್ಕೊಮ್ಮೆ ಹೊಳೆಬೈಲಿಗೆ ಬಂದು ಯಮುನಮ್ಮನವರಿಗೆ ಆ ನಾಲ್ಕು ಸಾಲನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. ಅವರಿಗೆ ಐವತ್ತೆರಡು ವರ್ಷ, ಓದಿದ್ದು ಎಸ್ಸೆಸ್ಸೆಲ್ಸಿ. ಮೊದಮೊದಲು ಮೌಸ್ ಮುಟ್ಟಲೂ ಹೆದರುತ್ತಿದ್ದರಂತೆ. ಎಲ್ಲಿ ಒತ್ತಬೇಕು, ಯಾವ ಚೌಕದಲ್ಲಿ ಏನು ತುಂಬಬೇಕು ಎಂದು ಪೂರ್ಣೇಶ್ ಬೇಕೆಂದೇ ಆಫ್ ಮಾಡಿ ಆಫ್ ಮಾಡಿ ಕಲಿಸಿದರು.

ಇವತ್ತು ಆ ನಾಲ್ಕು ಸಾಲೂ ಸರಿಯಾಗಿವೆ. ಆದರೂ ನೆಟ್ ಬರುತ್ತಿಲ್ಲ. ಅದಕ್ಕೇ ಮೇಜಿನ ಕೆಳಗಿನ ಈ ಸರ್ಕಸ್ಸು.

ಏಳು ಗಂಟೆಗೆ ಪೂರ್ಣೇಶ್ ಜೇಬಿನಿಂದ ಇನ್ನೊಂದು ಪೆನ್ ಡ್ರೈವ್ ತೆಗೆದು ಅದರಿಂದ ಯಂತ್ರ ಎಬ್ಬಿಸುತ್ತಾರೆ. ಅದರಲ್ಲೂ ಇಲ್ಲ. ಅಂದಮೇಲೆ ದೋಷ ಪೆನ್ ಡ್ರೈವಿನದಲ್ಲ. ಮೂರನೇ ಸಾಲಿನ ಊರಬಾಗಿಲ ನಂಬರಿಗೆ ಕಂಪ್ಯೂಟರಿನಿಂದಲೇ ಒಂದು ಕೂಗು ಹಾಕಿ ನೋಡುತ್ತಾರೆ. ಹತ್ತು ಸಲ ಕೂಗಿದರೆ ಒಂದು ಸಲ ಓಗೊಡುತ್ತದೆ. ಪೂರ್ತಿ ಸತ್ತಿದ್ದರೆ ಎಲ್ಲೋ ವೈರ್ ಕಡಿದಿದೆ ಎನ್ನಬಹುದು. ಇದು ಅತ್ತ ಸತ್ತೂ ಇಲ್ಲ, ಇತ್ತ ಬದುಕಿಯೂ ಇಲ್ಲ. ನನಗೆ ಕಂಪ್ಯೂಟರಿನಲ್ಲಿ ಬರುವ ವಿದ್ಯೆ ಒಂದೇ. ‘ಒಂದ್ಸಲ ಆಫ್ ಮಾಡಿ ಆನ್ ಮಾಡೋಣ’ ಎಂದು ಸ್ವಿಚ್ಚಿಗೆ ಕೈ ಹಾಕುತ್ತೇನೆ. ಪೂರ್ಣೇಶ್ ನನ್ನ ಕೈ ಹಿಡಿದು ತೆಗೆದು ನನ್ನ ತೊಡೆಯ ಮೇಲಿಡುತ್ತಾರೆ. ಯಮುನಮ್ಮ ನಗು ತಡೆಯಲಿಕ್ಕೆ ಕಿಟಕಿಯಾಚೆ ನೋಡುತ್ತಾರೆ.

ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ಲಿಗೆ ಹಲ್ಲು ತಾಗಿಸಿರಬಹುದು ಎಂದು ಪೂರ್ಣೇಶ್ ಚರಂಡಿಯ ಗುಂಟ ಎರಡು ಕಿಲೋಮೀಟರ್ ನಡೆದು ನೋಡುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ಇಂಥ ಕೇಬಲ್ ಹೂಳಲು ಹಾರೆ, ಪಿಕಾಸಿ ಹಿಡಿದದ್ದೇ ಇವರ ಮೊದಲ ಕೆಲಸ. ಪಿಯುಸಿ ಎರಡು ಸಲ ಫೇಲಾಗಿ, ದಿನಗೂಲಿಗೆ ಟೆಲಿಫೋನ್ ಗುಂಡಿ ತೋಡುತ್ತಿದ್ದರು. ಗುಂಡಿಯ ಮೇಲೆ ಕೂತು ವೈರ್ ಜೋಡಿಸುವವರನ್ನು ನೋಡಿ ನೋಡಿ ವಿದ್ಯೆ ಕಲಿತರು. ತೀರ್ಥಹಳ್ಳಿಯಲ್ಲಿ ಸಣ್ಣ ಇಂಟರ್ನೆಟ್ ಅಂಗಡಿಯನ್ನೂ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದಾಗ ಅದು ಮುಚ್ಚಿತು. ಅಂಗಡಿ ಮುಚ್ಚಿದ ದಿನ ಹೆಂಡತಿ ಭವ್ಯಾ, ‘ಹಾಳಾದ್ದನ್ನ ರಿಪೇರಿ ಮಾಡಕ್ಕೆ ಬರುತ್ತಲ್ಲ, ಹಾಳಾಗೋದಂತೂ ನಿಲ್ಲಲ್ಲ’ ಎಂದರಂತೆ. ಆ ಮಾತಿನ ಮೇಲೆ ಹದಿನಾಲ್ಕು ವರ್ಷದಿಂದ ಸಂಸಾರ ನಡೆದಿದೆ.

ಮಲೆನಾಡಿನ ಕಂಪ್ಯೂಟರಿಗೆ ಬರುವ ಕಾಯಿಲೆಗಳೇ ಬೇರೆ ಎಂದು ದಾರಿಯಲ್ಲಿ ಹೇಳುತ್ತಾರೆ. ಒಳಗೆ ಇರುವೆ ಗೂಡು ಕಟ್ಟುತ್ತದೆ. ಹಲ್ಲಿ ಹೊಕ್ಕು ಸುಟ್ಟು ಸಾಯುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಇವರ ಬ್ಯಾಗಿನಲ್ಲಿ ಹಲ್ಲುಜ್ಜುವ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್, ನುಸಿಗುಳಿಗೆ, ಬೆಂಕಿಕಡ್ಡಿ ಎಲ್ಲ ಇವೆ. ರಾತ್ರಿ ಕಂಪ್ಯೂಟರ್ ಪಕ್ಕ ಒಂದು ಹಳೆ ಬಲ್ಬ್ ಉರಿಸಿಡಿ, ಬೆಚ್ಚಗಿರುತ್ತದೆ ಎಂದು ಶಾಲೆಯ ಮಾಸ್ತರರಿಗೆ ಹೇಳಿಕೊಟ್ಟವರೂ ಇವರೇ. ಬಾಣಂತಿಗೆ ಅಗ್ಗಿಷ್ಟಿಕೆ ಇಟ್ಟ ಹಾಗೆ.

ಕೇಬಲ್ ಎಲ್ಲೂ ಕಡಿದಿಲ್ಲ. ನಾವು ವಾಪಸ್ ಬರುವಾಗ ಒಂಬತ್ತು. ಹುಲಿಯಪ್ಪ ಆಗಲೇ ಬಂದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಅದೇ ಬಿಳಿ ಅಂಗಿ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು. ಪೂರ್ಣೇಶ್ ಅವರ ಮುಖ ನೋಡದೆ ಒಳಗೆ ಹೋಗುತ್ತಾರೆ.

ಒಳಗೆ ಹೋದವರು ಗೋಡೆ ನೋಡುತ್ತಾ ನಿಂತುಬಿಡುತ್ತಾರೆ. ಗೋಡೆಯಲ್ಲಿ ಐದು ತೂತಿನ ಸಣ್ಣ ಪೆಟ್ಟಿಗೆ ಇದೆ, ನೆಟ್ಟನ್ನು ಐದು ಕಂಪ್ಯೂಟರಿಗೆ ಹಂಚುವಂಥದ್ದು. ಅದರ ದೀಪಗಳೆಲ್ಲ ಒಂದೇ ತಾಳದಲ್ಲಿ ಹುಚ್ಚು ಹಿಡಿದ ಹಾಗೆ ಮಿಟುಕುತ್ತಿವೆ. ಪೂರ್ಣೇಶ್ ಒಂದೊಂದೇ ವೈರನ್ನು ಕೈಯಲ್ಲಿ ಹಿಡಿದು ಬೆರಳು ಜಾರಿಸುತ್ತಾ ಹೋಗುತ್ತಾರೆ. ಒಂದು ಬಿಳಿ ವೈರ್ ಪೆಟ್ಟಿಗೆಯಿಂದ ಹೊರಟು, ಕಪಾಟಿನ ಹಿಂದೆ ಹಾದು, ಕಿಟಕಿಯ ಕೆಳಗೆ ಸುತ್ತಿ, ತಿರುಗಿ ಅದೇ ಪೆಟ್ಟಿಗೆಯ ಇನ್ನೊಂದು ತೂತಿಗೆ ಬಂದು ಸೇರಿದೆ. ಒಂದೇ ವೈರಿನ ಎರಡೂ ತುದಿ ಒಂದೇ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಆಡಿದ ಮಾತು ಪೆಟ್ಟಿಗೆಗೇ ವಾಪಸ್ ಬಂದು, ಅದನ್ನೇ ಮತ್ತೆ ಆಡಿ, ಬೇರೆಯವರ ಮಾತಿಗೆ ಜಾಗವೇ ಇಲ್ಲವಾಗಿದೆ.

ಯಾರು ಹಾಕಿದ್ದು? ಯಮುನಮ್ಮನವರ ಮುಖ ಸಣ್ಣಗಾಗುತ್ತದೆ. ನಿನ್ನೆ ಸಂಜೆ ಗುಡುಗಿತ್ತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಮನೆಮನೆಯಲ್ಲೂ ಓಡಿ ಹೋಗಿ ವೈರ್ ಕೀಳುತ್ತಾರೆ. ಟಿವಿ, ಫ್ರಿಜ್ಜು, ಮಿಕ್ಸಿ ಯಾವುದನ್ನೂ ಬಿಡುವುದಿಲ್ಲ. ಯಮುನಮ್ಮನೂ ಕಿತ್ತಿದ್ದಾರೆ. ಇವತ್ತು ಪೂರ್ಣೇಶ್ ಬರುವುದರೊಳಗೆ ಎಲ್ಲ ಸಿದ್ಧವಿರಲಿ ಎಂದು ಐದೂವರೆಗೇ ಬಂದು ಮತ್ತೆ ಸಿಕ್ಕಿಸಿದ್ದಾರೆ. ಹಿಂದೆ ಇದ್ದ ಎರಡನೇ ಕಂಪ್ಯೂಟರಿನ ವೈರೊಂದು ಅನಾಥವಾಗಿ ನೇತಾಡುತ್ತಿತ್ತು. ಬಾಯಿ ತೆರೆದುಕೊಂಡ ವೈರಿಗೆ ಸಿಡಿಲು ಬಡಿಯುತ್ತದೆ ಎಂಬುದು ಇಲ್ಲಿನ ನಂಬಿಕೆ. ಖಾಲಿ ತೂತು ಕಂಡಿತು, ಹಾಕಿದರು.

“ಒಳ್ಳೇದಾಗ್ಲಿ ಅಂತ ಮಾಡಿದ್ದು. ನನ್ ಕೈಗೆ ಹುಳ ಬೀಳ” ಎಂದು ಯಮುನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ನನಗಾಗಿದ್ದರೆ ಸಿಟ್ಟು ಬರುತ್ತಿತ್ತು. ಮೂರು ಗಂಟೆ, ಎರಡು ಕಿಲೋಮೀಟರ್ ಚರಂಡಿ! ಪೂರ್ಣೇಶ್ ವೈರಿನ ಒಂದು ತುದಿ ಕಿತ್ತು, ಸುರುಳಿ ಸುತ್ತಿ, ಕಿಟಕಿಯ ಸರಳಿಗೆ ಕಟ್ಟುತ್ತಾರೆ. “ತಪ್ಪು ನಂದು ಯಮುನಕ್ಕ. ಕೆಲ್ಸ ಇಲ್ದಿರೋ ವೈರು ನೇತಾಡಕ್ಕೆ ಬಿಟ್ಟು ಹೋಗಿದ್ದು ನಾನು” ಎಂದಷ್ಟೇ ಹೇಳುತ್ತಾರೆ. ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಸಮಾಧಾನಕ್ಕೆ ಬರುತ್ತವೆ. ಊರಬಾಗಿಲು ಹತ್ತಕ್ಕೆ ಹತ್ತೂ ಸಲ ಓಗೊಡುತ್ತದೆ. ನೆಟ್ ಬಂತು.

ಇನ್ನು ಕರೆಂಟಿನ ಚಿಂತೆ. ನೆಟ್ ಮೊದಲು ಬಂದು ಇಳಿಯುವ ದೊಡ್ಡ ಪೆಟ್ಟಿಗೆ ಇರುವುದು ರಸ್ತೆಯಾಚೆಯ ಪಂಚಾಯ್ತಿ ಕಚೇರಿಯಲ್ಲಿ. ಕರೆಂಟ್ ಹೋದರೆ ಅದೂ ಮಲಗುತ್ತದೆ. ಕಚೇರಿಯ ಇನ್ವರ್ಟರ್ ಸತ್ತು ಯಾವ ಕಾಲವಾಯಿತೋ. ಪೂರ್ಣೇಶ್ ಅಂಗಳಕ್ಕೆ ಹೋಗಿ ತಮ್ಮ ಬೈಕಿನ ಬ್ಯಾಟರಿಯನ್ನೇ ಬಿಚ್ಚುತ್ತಾರೆ. ಅದರ ಶಕ್ತಿ ಆ ಪೆಟ್ಟಿಗೆಗೆ ಸರಿಹೊಂದುತ್ತದಂತೆ. ಗಾಡಿ ಹೇಗೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಜೋಡಿಸಲು ತಂದ ಎರಡು ಕ್ಲಿಪ್ಪಿನಲ್ಲಿ ಒಂದು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಟೇಪು ಸುತ್ತಿದರೆ ನಿಲ್ಲುವುದಿಲ್ಲವೇ ಎಂದು ಕೇಳಿದೆ. ನಿಲ್ಲುತ್ತದೆ, ಆದರೆ ಇವತ್ತೊಂದು ದಿನ ಟೇಪು ನಂಬುವುದಿಲ್ಲ, ಕೈಯಲ್ಲೇ ಒತ್ತಿ ಹಿಡಿಯುತ್ತೇನೆ ಎಂದರು.

ಹಾಗಾದರೆ ಗ್ರಂಥಾಲಯದ ಕಂಪ್ಯೂಟರ್? ಅದಕ್ಕೆ ಯುಪಿಎಸ್ ಇದೆ. ಆದರೆ ಅದು ಕರೆಂಟ್ ಹೋದಾಗ ಒಮ್ಮೆ ಎಡವಿ ಆಮೇಲೆ ಎದ್ದು ನಿಲ್ಲುವ ಜಾತಿಯದು. ಎಡವಿದರೆ ಯಂತ್ರ ಆಫ್ ಆಗಿ ಆನ್ ಆಗುತ್ತದೆ, ಮರೆಯುತ್ತದೆ. ಆಗ ಯಾರು?

“ಯಮುನಕ್ಕ ಇದಾರಲ್ಲ” ಎಂದು ಪೂರ್ಣೇಶ್ ಬ್ಯಾಟರಿ ಎತ್ತಿಕೊಂಡು ರಸ್ತೆ ದಾಟಿದರು. ಬೆಳಗ್ಗೆ ತಾನೇ ಅಷ್ಟು ದೊಡ್ಡ ಎಡವಟ್ಟು ಮಾಡಿದ ಹೆಂಗಸಿನ ಕೈಗೆ ಕೊಟ್ಟು ಹೋಗುವುದೇ ಎಂದು ನನಗೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಹನ್ನೊಂದಕ್ಕೆ ಪರದೆಯ ಮೇಲೆ ಅಧಿಕಾರಿಯ ಕೋಣೆ ಮೂಡಿತು. ಹುಲಿಯಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಮೂರನೆಯ ಹೆಸರು ಇವರದು. ಎರಡನೆಯದು ನಡೆಯುತ್ತಿರುವಾಗ ಫ್ಯಾನ್ ನಿಧಾನವಾಯಿತು. ಯುಪಿಎಸ್ ಕೀ ಎಂದಿತು. ಪರದೆ ಕಪ್ಪಾಯಿತು.

ಹುಲಿಯಪ್ಪನವರ ಕೈ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಹಿಡಿಯಿತು. ನಾನು ಪೂರ್ಣೇಶರನ್ನು ಕರೆಯಲು ಎದ್ದೆ. “ಅವ್ರು ಅಲ್ಲಿ ಕೈ ಬಿಟ್ರೆ ಎಲ್ಲಾ ಹೋಗುತ್ತೆ. ನೀವು ಕೂತ್ಕಳಿ” ಎಂದರು ಯಮುನಮ್ಮ. ಯಂತ್ರ ಏಳಲು ಎರಡೂವರೆ ನಿಮಿಷ. ಅಷ್ಟು ಹೊತ್ತೂ ಅವರ ತುಟಿ ಅಲ್ಲಾಡುತ್ತಿತ್ತು. ಎದ್ದ ಕೂಡಲೇ ಒಂದೊಂದೇ ಬೆರಳಿನಿಂದ ಒತ್ತತೊಡಗಿದರು. ಹತ್ತು, ಸೊನ್ನೆ, ಹದಿನೇಳು, ನಲವತ್ತೆರಡು. ಇನ್ನೂರೈವತ್ತೈದು ಮೂರು ಸಲ, ಆಮೇಲೆ ಸೊನ್ನೆ. ಹತ್ತು, ಸೊನ್ನೆ, ಹದಿನೇಳು, ಒಂದು. ಎಂಟು, ಎಂಟು, ಎಂಟು, ಎಂಟು. ಒಂದು ಕಡೆಯೂ ತಡೆಯಲಿಲ್ಲ. ವಿಚಾರಣೆಯ ಕೊಂಡಿ ತೆರೆದರು. ಚಕ್ರ ಸುತ್ತಿತು, ಸುತ್ತಿತು, ಮತ್ತೆ ಅಧಿಕಾರಿಯ ಕೋಣೆ.

ಅಲ್ಲಿ ಹೆಸರು ಆಗಲೇ ಒಮ್ಮೆ ಕೂಗಿಯಾಗಿತ್ತೋ ಏನೋ. ಗುಮಾಸ್ತರು ಫೈಲು ಮುಚ್ಚುತ್ತಿದ್ದರು. ‘ಹುಲಿಯಪ್ಪ, ಹಾಜರಿದ್ದಾರಾ?’ ಎಂದು ಕೊನೆಯ ಸಲದ ದನಿಯಲ್ಲಿ ಕೇಳಿದರು.

ಹುಲಿಯಪ್ಪ ಎದ್ದು ನಿಂತರು. ಕ್ಯಾಮೆರಾಕ್ಕೆ ಅವರ ಅಂಗಿಯ ಗುಂಡಿ ಮಾತ್ರ ಕಂಡಿರಬೇಕು.

“ಇದೀನಿ ಸ್ವಾಮಿ. ಹೋದ್ ಸಲಾನೂ ಇದ್ದೆ.”

ಅಧಿಕಾರಿ ತಲೆಯೆತ್ತಿ ನೋಡಿದರು. ಕೂತುಕೊಳ್ಳಿ ಎಂದರು. ಸರ್ವೆ ನಂಬರ್ ಎಷ್ಟು ಎಂದು ಕೇಳಿದರು. ಹುಲಿಯಪ್ಪ ಕಾಗದ ತೆಗೆಯಲಿಲ್ಲ. “ನೀರಿನಡಿ ಇರೋದು ಹೇಳ್ಲಾ, ಈಗ ಕೂತಿರೋದು ಹೇಳ್ಲಾ?” ಎಂದರು. ಎರಡೂ ಹೇಳಿ ಎಂದರು ಅಧಿಕಾರಿ. ಎರಡನ್ನೂ ಹೇಳಿದರು, ನಾಲ್ಕು ಗಡಿಗಳ ಸಮೇತ. ಮುಳುಗಿದ ಗದ್ದೆಯ ಮೂಡಣಕ್ಕೆ ಯಾರ ಗದ್ದೆ, ಪಡುವಣಕ್ಕೆ ಯಾವ ಹಳ್ಳ ಎಂದು ನಿನ್ನೆ ನೋಡಿ ಬಂದವರ ಹಾಗೆ ಹೇಳಿದರು. ಒಂಬತ್ತು ನಿಮಿಷ. ಹೇಳಿಕೆ ದಾಖಲಾಯಿತು, ಹಾಜರಿ ಬಿತ್ತು, ಮುಂದಿನ ತಿಂಗಳು ಸ್ಥಳ ತನಿಖೆಗೆ ಆದೇಶವಾಯಿತು. ಹಕ್ಕುಪತ್ರ ಇನ್ನೂ ದೂರದ ಮಾತು. ಆದರೆ ಫೈಲು ಮುಚ್ಚಲಿಲ್ಲ.

ಆಮೇಲೆ ಯಾರಿಗೋ ಪೂರ್ಣೇಶರ ನೆನಪಾಯಿತು.

ಪಂಚಾಯ್ತಿ ಕಚೇರಿಯ ಮೂಲೆಯಲ್ಲಿ ಅವರು ಕುಕ್ಕರುಗಾಲಿನಲ್ಲಿ ಕೂತೇ ಇದ್ದಾರೆ. ಹೆಬ್ಬೆರಳಿನಿಂದ ವೈರನ್ನು ಬ್ಯಾಟರಿಗೆ ಒತ್ತಿ ಹಿಡಿದಿದ್ದಾರೆ. ಗಂಟೆ ಹನ್ನೆರಡು ಹೊಡೆಯುತ್ತಿದೆ, ಕರೆಂಟ್ ಬಂದು ಎಷ್ಟೋ ಹೊತ್ತಾಗಿದೆ. ಬಿಡಿ ಎಂದು ಯಾರೂ ಹೇಳಿಲ್ಲ, ಇವರು ಬಿಟ್ಟಿಲ್ಲ. ಬಾಗಿಲಲ್ಲಿ ಹುಲಿಯಪ್ಪನವರನ್ನು ಕಂಡು, “ಆಯ್ತಾ? ಬಿಡ್ಲಾ?” ಎಂದು ಕೇಳುತ್ತಾರೆ.

“ಬಿಡು ತಮ್ಮಾ. ಹಾಜ್ರಿ ಬಿತ್ತು” ಎನ್ನುತ್ತಾರೆ ಹುಲಿಯಪ್ಪ.

ಪೂರ್ಣೇಶ್ ಕೈ ಬಿಡುತ್ತಾರೆ. ಹೆಬ್ಬೆರಳಿನಲ್ಲಿ ವೈರಿನ ಗುರುತು ಕೆಂಪಗೆ ಮೂಡಿದೆ. ನಡುವೆ ಕರೆಂಟ್ ಹೋದಾಗ ಯಂತ್ರ ಮರೆತದ್ದನ್ನು ನಾನು ಹೇಳುತ್ತೇನೆ. ಅವರು ಯಮುನಮ್ಮನವರ ಕಡೆ ತಿರುಗಿ, ನಾಲ್ಕನೇ ಸಾಲೂ ಹಾಕಿದ್ರಾ ಎಂದು ಕೇಳುತ್ತಾರೆ. ‘ಹಾಕ್ದೆ ಮತ್ತೆ’ ಎನ್ನುತ್ತಾರೆ ಅವರು. ನಿಮಗೆ ಏನಾಗಬೇಕು ಎಂದು ಪೂರ್ಣೇಶರಿಗೆ ಪತ್ರಿಕೆಯವರ ಮಾಮೂಲಿ ಪ್ರಶ್ನೆ ಕೇಳುತ್ತೇನೆ. ಈ ಯಂತ್ರಕ್ಕೊಂದು ಹಾರ್ಡ್ ಡಿಸ್ಕ್ ಬಂದರೆ ಸಾಕು ಎನ್ನುತ್ತಾರೆ. ಸ್ವಲ್ಪ ಯೋಚಿಸಿ, “ಬರ್ದಿದ್ರೂ ಅಡ್ಡಿಲ್ಲ. ನಾನಿಲ್ದೆ ಇದ್ರೂ ನಡೀತಲ್ಲ ಇವತ್ತು” ಎನ್ನುತ್ತಾರೆ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವರು ನಕ್ಕಿದ್ದು ಆಗ.

ಬ್ಯಾಟರಿಯನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟುವಾಗ ಹುಲಿಯಪ್ಪ ಅವರ ಪಕ್ಕಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಾರೆ. ಗ್ರಂಥಾಲಯದ ಮೆಟ್ಟಿಲ ಹತ್ತಿರ ಪೂರ್ಣೇಶ್ ನಿಂತು ಒಳಗೆ ಇಣುಕುತ್ತಾರೆ.

“ಯಮುನಕ್ಕಾ, ಫ್ಲಾಸ್ಕಲ್ಲಿ ಕಾಫಿ ಉಳ್ದಿದ್ಯಾ?”